ಅಪ್‌ಡೇಟ್: ಮಗಳ ನಿದ್ದೆ ಈಗ ಪರವಾಗಿಲ್ಲ

ಮೂರು ವಾರದ ಹಿಂದೆ ಕೇಳಿದ್ದೆನಲ್ಲ, ಪಿಯುಸಿ ಓದುವ ಮಗಳಿಗೆ ಪರೀಕ್ಷೆ ಭಯ, ರಾತ್ರಿ 2 ಗಂಟೆಯಾದರೂ ನಿದ್ದೆಯಿಲ್ಲ ಅಂತ. ಈಗ 11ಕ್ಕೆ ಮಲಗುತ್ತಾಳೆ.

ಬಿಸಿ ಹಾಲು, ಜಾಯಿಕಾಯಿ ಯಾವುದೂ ನಾಟಲಿಲ್ಲ. ಮೊಬೈಲ್ ಕಿತ್ತಿಟ್ಟದ್ದರಿಂದ ಜಗಳವಷ್ಟೇ ಆಯಿತು. ಕೆಲಸ ಮಾಡಿದ್ದು ನಿಮ್ಮಲ್ಲೊಬ್ಬರ ಮಾತು: ಮಲಗುವ ಹೊತ್ತು ಬಿಡಿ, ಏಳುವ ಹೊತ್ತು ಹಿಡಿಯಿರಿ. ಭಾನುವಾರವೂ 6.30ಕ್ಕೆ ಎದ್ದು ತಾರಸಿಯ ಎಳೆಬಿಸಿಲಲ್ಲಿ ನಡಿಗೆ. ಮೊದಲ ವಾರ ಮುಖ ಊದಿಸಿಕೊಂಡೇ ಇದ್ದಳು. ಸಂಜೆ ಚಿಂತೆಯನ್ನೆಲ್ಲ ನೋಟ್‌ಬುಕ್ಕಿಗೆ ಇಳಿಸುವುದೂ ಅವಳಿಗೆ ಹಿಡಿಸಿತು.

ನಾಚಿಕೆಯ ವಿಷಯವೆಂದರೆ, ಸಂಜೆ 6ಕ್ಕೆ ಓದಲಿ ಅಂತ ಫಿಲ್ಟರ್ ಕಾಫಿ ಕೊಡುತ್ತಿದ್ದವಳು ನಾನೇ! ಕೆಫೀನ್‌ನ ಅರ್ಧದಷ್ಟು ಐದಾರು ಗಂಟೆ ಕಳೆದರೂ ಮೈಯಲ್ಲೇ ಇರುತ್ತದಂತೆ.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೂ ಕರೆ ಮಾಡಿದೆ, ಕನ್ನಡದಲ್ಲೇ ಮಾತಾಡಿದರು. ಹದಿಹರೆಯದಲ್ಲಿ ಮೈಯ ಗಡಿಯಾರವೇ ಹಿಂದೆ ಬೀಳುತ್ತದೆ, ಸೋಮಾರಿತನವಲ್ಲ ಎಂದರು. ಟೆಸ್ಟಿನ ಹಿಂದಿನ ರಾತ್ರಿ ಮಾತ್ರ ಇನ್ನೂ ಹೊರಳಾಡುತ್ತಾಳೆ.