ಪದಚರ್ಚೆ: ಲೈಬ್ರರಿ ‘ಇಲ್ಲ’ವೋ, ‘ಸಿಗಲಿಲ್ಲ’ವೋ?

ಮಾನ್ಯರೇ,

ಶಿರಸಿಯ ಕಾಲೇಜು ವಿದ್ಯಾರ್ಥಿಗಳಿಗಾಗಿ ಲಿನಕ್ಸ್ ಕೈಪಿಡಿಯೊಂದನ್ನು ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇನೆ. ಪ್ರೋಗ್ರಾಮುಗಳು ಓಡುವ ಹೊತ್ತಿಗೆ ಶೇರ್ಡ್ ಲೈಬ್ರರಿಗಳನ್ನು (ಹಲವು ಪ್ರೋಗ್ರಾಮುಗಳು ಬಳಸಿಕೊಳ್ಳುವ ಸಿದ್ಧ ಕೋಡಿನ ಕಡತಗಳನ್ನು) ಹುಡುಕಿಕೊಳ್ಳುವ ಬಗೆಯನ್ನು ವಿವರಿಸುವ ಅಧ್ಯಾಯದಲ್ಲಿ ಎರಡು ಪದಗಳ ಕುರಿತು ತಮ್ಮ ಅಭಿಪ್ರಾಯ ಬೇಕಾಗಿದೆ.

ಕರಡಿನಲ್ಲಿ ‘ಶೇರ್ಡ್’ ಎಂಬುದಕ್ಕೆ ‘ಹಂಚಿದ’ ಎಂದಿದೆ. ನಮ್ಮ ಕಡೆ ಹಿಸ್ಸೆಯಾಗುವಾಗ ಅಡಿಕೆ ತೋಟವನ್ನು ಅಣ್ಣತಮ್ಮಂದಿರಿಗೆ ಹಂಚುತ್ತಾರೆ. ಬಾವಿಯನ್ನೂ ತೋಟಕ್ಕಿಳಿಯುವ ದಾರಿಯನ್ನೂ ಜಂಟಿಯಾಗಿ ಉಳಿಸಿಕೊಳ್ಳುತ್ತಾರೆ. ಲೈಬ್ರರಿಯ ಕೋಡ್ ಮೆಮೊರಿಯಲ್ಲಿ ಒಂದೇ ಪ್ರತಿಯಾಗಿದ್ದು ಹಲವು ಪ್ರೋಗ್ರಾಮುಗಳಿಗೆ ಇಡಿಯಾಗಿ ಒದಗುವುದರಿಂದ ‘ಜಂಟಿ ಲೈಬ್ರರಿ’ ಎಂಬುದೇ ಸರಿಯೆಂದು ನನ್ನ ಎಣಿಕೆ.

ಎರಡನೆಯದು ಹೆಚ್ಚು ತೊಡಕಿನದು. ಲೈಬ್ರರಿ ದೊರೆಯದಿದ್ದಾಗ ಬರುವ ದೋಷಸಂದೇಶದ ಕೊನೆಯ ಭಾಗವನ್ನು ‘ಅಂಥ ಕಡತ ಅಥವಾ ಡೈರೆಕ್ಟರಿ ಇಲ್ಲ’ ಎಂದು ಅನುವಾದಿಸಿದ್ದೇವೆ. ಇದನ್ನು ಓದಿದ ವಿದ್ಯಾರ್ಥಿ ಕಡತವೇ ಇಲ್ಲವೆಂದು ತಿಳಿದು ಲೈಬ್ರರಿಯನ್ನು ಮತ್ತೆ ಮತ್ತೆ ಇನ್‌ಸ್ಟಾಲ್ ಮಾಡುತ್ತಾನೆ. ಕಡತವೋ ಅನೇಕ ಸಲ ‘/ಯುಎಸ್‌ಆರ್/ಲೋಕಲ್/ಲಿಬ್’ನಲ್ಲಿ ಸುಸ್ಥಿತಿಯಲ್ಲೇ ಇರುತ್ತದೆ. ಆದರೆ ಓಡುವ ಹೊತ್ತಿಗೆ ಲೈಬ್ರರಿಗಳನ್ನು ಹುಡುಕಿ ತರುವ ಲೋಡರ್ ಇಡೀ ಡಿಸ್ಕನ್ನು ಜಾಲಾಡುವುದಿಲ್ಲ. ಎಲ್‌ಡಿ_ಲೈಬ್ರರಿ_ಪಾತ್ ಎಂಬ ಚರದಲ್ಲಿ (ವೇರಿಯಬಲ್) ಹೇಳಿದ ಜಾಗಗಳು, ಪ್ರೋಗ್ರಾಮಿನೊಳಗೇ ಬರೆದಿಟ್ಟ ಹುಡುಕುದಾರಿಯಾದ ರನ್‌ಪಾತ್, ಎಲ್‌ಡಿಕಾನ್ಫಿಗ್ ಎಂಬ ಸಾಧನ ಸಿದ್ಧಪಡಿಸಿದ ಕ್ಯಾಶ್ ಕಡತ (ಲೈಬ್ರರಿಗಳ ಪಟ್ಟಿ), ಕೊನೆಗೆ ‘/ಲಿಬ್’ ಮತ್ತು ‘/ಯುಎಸ್‌ಆರ್/ಲಿಬ್’, ಇಷ್ಟನ್ನು ಇದೇ ಅನುಕ್ರಮದಲ್ಲಿ ನೋಡಿ ನಿಲ್ಲಿಸಿಬಿಡುತ್ತದೆ. ಹೊಸ ಲೈಬ್ರರಿ ಹಾಕಿದ ಮೇಲೆ ಎಲ್‌ಡಿಕಾನ್ಫಿಗ್ ಓಡಿಸದಿದ್ದರೆ ಕ್ಯಾಶಿನಲ್ಲಿ ಅದರ ಹೆಸರು ಸೇರಿರುವುದಿಲ್ಲ. ಕಂಪೈಲ್ ಮಾಡುವಾಗ ಕೊಟ್ಟ ‘-ಎಲ್’ ದಾರಿಯೂ ಓಡುವ ಹೊತ್ತಿಗೆ ನೆರವಾಗುವುದಿಲ್ಲ. ಅದು ಕಂಪೈಲಿನ ಕೊನೆಯ ಹಂತದಲ್ಲಿ ಭಾಗಗಳನ್ನು ಜೋಡಿಸುವ ಲಿಂಕರಿಗೆ ಮಾತ್ರ ಹೇಳಿದ್ದು. ‘ಕಂಪೈಲ್ ಆಯಿತಲ್ಲ, ಓಡುವುದಿಲ್ಲವೇಕೆ’ ಎಂಬ ಪ್ರಶ್ನೆ ಹುಟ್ಟುವುದು ಬಹುಮಟ್ಟಿಗೆ ಇಲ್ಲಿಯೇ.

ಇದೇ ಸ್ಥಿತಿಯನ್ನು, ಪ್ರೋಗ್ರಾಮಿಗೆ ಬೇಕಾದ ಲೈಬ್ರರಿಗಳನ್ನು ಪಟ್ಟಿಮಾಡುವ ಎಲ್‌ಡಿಡಿ ಎಂಬ ಸಾಧನ ‘ನಾಟ್ ಫೌಂಡ್’ ಎಂದು ವರದಿ ಮಾಡುತ್ತದೆ ಎಂಬುದನ್ನು ಗಮನಿಸಬೇಕು. (ನಂಬಿಕೆಯಿಲ್ಲದ ಪ್ರೋಗ್ರಾಮುಗಳ ಮೇಲೆ ಎಲ್‌ಡಿಡಿ ಬಳಸಬಾರದು, ಅದು ಕೆಲವೊಮ್ಮೆ ಆ ಪ್ರೋಗ್ರಾಮನ್ನೇ ಓಡಿಸಿಬಿಡಬಹುದು.) ಎಲ್‌ಡಿ_ಡೀಬಗ್ ಎಂಬ ಚರಕ್ಕೆ ‘ಲಿಬ್ಸ್’ ಎಂಬ ಬೆಲೆ ಕೊಟ್ಟು ಓಡಿಸಿದರೆ ಲೋಡರ್ ತಡಕಿದ ಜಾಗಗಳೆಲ್ಲ ಸಾಲುಸಾಲಾಗಿ ತೆರೆಯ ಮೇಲೆ ಬರುತ್ತವೆ. ‘ಇಲ್ಲ’ ಎಂಬ ಮಾತು ಇರುವಿಕೆಯನ್ನೇ ನಿರಾಕರಿಸುತ್ತದೆ. ‘ಸಿಗಲಿಲ್ಲ’ ಎಂದರೆ ಹುಡುಕಿದ್ದೆಲ್ಲಿ ಎಂದು ಕೇಳಲು ಆಸ್ಪದವಿರುತ್ತದೆ, ಮತ್ತು ದೋಷ ಪರಿಹಾರ ಆರಂಭವಾಗಬೇಕಾದದ್ದು ಆ ಪ್ರಶ್ನೆಯಿಂದಲೇ.

ಸಂಪಾದಕರೊಬ್ಬರು ‘ಕಂಡುಬಂದಿಲ್ಲ’ ಎಂದು ಸೂಚಿಸಿದ್ದಾರೆ. ಅದು ಕಚೇರಿಯ ನೋಟಿಸಿನ ಮಾತಿನಂತಿದ್ದು, ಹುಡುಕಿದವರು ಯಾರೆಂಬುದನ್ನು ಮರೆಮಾಡುತ್ತದೆ ಎಂದು ನನಗನ್ನಿಸುತ್ತದೆ. ‘ಲೋಡರಿಗೆ ಈ ಲೈಬ್ರರಿ ಸಿಗಲಿಲ್ಲ’ ಎಂದು ಕರ್ತೃವನ್ನು ಹೆಸರಿಸಿಯೇ ಬರೆದರೆ ಮೂಲದಿಂದ ತೀರ ದೂರ ಸರಿದಂತಾಗುತ್ತದೆಯೇ? ಅಥವಾ ಸಂದೇಶದಲ್ಲಿ ‘ಇಲ್ಲ’ ಎಂಬುದನ್ನೇ ಉಳಿಸಿ, ವಿವರಣೆಯಲ್ಲಿ ಮಾತ್ರ ‘ಸಿಗಲಿಲ್ಲ’ ಎನ್ನುವುದು ಮೇಲೇ? ಬಲ್ಲವರು ತಿಳಿಸಬೇಕಾಗಿ ವಿನಂತಿ.