ಹಳೇ ಸ್ಮಶಾನದ ದುರಸ್ತಿ: ದುಡ್ಡು ಮೊದಲು ಎಲ್ಲಿಗೆ?

ಪೆನ್ಸಿಲ್‌ಪುಟ್ಟ: ನಗರದ ಮಧ್ಯೆ ಇರುವ ನೂರೈವತ್ತು ವರ್ಷ ಹಳೆಯ ಸ್ಮಶಾನ. ಸಮಾಧಿಕಲ್ಲುಗಳು ವಾಲಿವೆ, ಮಳೆ ಬಂದರೆ ದಾರಿಯೇ ಹಳ್ಳ, ದೊಡ್ಡ ಮರಗಳ ಬೇರು ಗೋರಿಗಳನ್ನು ಎತ್ತಿಹಾಕಿವೆ. ದುಡ್ಡು ಬರೋದು ಒಂದೇ ಸಲ. ನನ್ನ ಪಟ್ಟಿ ಹೀಗಿದೆ: ದಾರಿಗೆ ಪೇವರ್, ಉದ್ದಕ್ಕೂ ದೀಪ, ಬೆಂಚು, ಹುಲ್ಲುಹಾಸು, ಎಲ್ಲ ಕಲ್ಲಿಗೂ ಪ್ರೆಷರ್ ವಾಶ್. ಜನ ಓಡಾಡಿದರೆ ಜಾಗ ಉಳಿಯುತ್ತದೆ. ಏನಂತೀರಿ?

ಗಾರೆಕೆಲಸ: ಕೊನೇದನ್ನು ಮೊದಲು ಹೊಡೆದುಹಾಕಿ. ಹಳೇ ಅಮೃತಶಿಲೆಯ ಮೇಲ್ಪದರ ಮಳೆಗೆ ಸವೆದು ಸಕ್ಕರೆ ಹರಳಿನ ಹಾಗೆ ಸಡಿಲವಾಗಿರುತ್ತದೆ. ನೀರು ರಭಸವಾಗಿ ಬಡಿದರೆ ಪಾಚಿಯ ಜೊತೆ ಹೆಸರೂ ಹೋಗುತ್ತದೆ. ಆಸಿಡ್ ಕಲ್ಲನ್ನೇ ಕರಗಿಸುತ್ತದೆ. ಬ್ಲೀಚ್ ಒಳಗೆ ಉಪ್ಪು ಬಿಟ್ಟುಹೋಗುತ್ತದೆ, ಆ ಉಪ್ಪು ಹರಳುಗಟ್ಟಿ ಕಲ್ಲು ಪದರ ಪದರವಾಗಿ ಉದುರುತ್ತದೆ. ಬರೀ ನೀರು, ಮೆತ್ತನೆ ಬ್ರಷ್, ಜಾಸ್ತಿ ತಾಳ್ಮೆ. ಸಾಕು.

ಹಾಗೇ ಬಿರುಕಿಗೆ ಸಿಮೆಂಟ್ ಮೆತ್ತಬೇಡಿ. ಸುಣ್ಣದ ಗಾರೆ ಕಲ್ಲಿಗಿಂತ ಮೆತ್ತಗಿರುತ್ತದೆ, ತೇವ ಹೊರಗೆ ಬಿಡುತ್ತದೆ. ಸಿಮೆಂಟ್ ಬಿಡಲ್ಲ. ಕೊನೆಗೆ ಒಡೆಯೋದು ಕಲ್ಲೇ.

ಪೆನ್ಸಿಲ್‌ಪುಟ್ಟ: ವಾಶ್ ತೆಗೆದೆ. ಪೇವರ್‌ಗೆ ಏನೂ ತಕರಾರಿಲ್ಲ ತಾನೆ?

ಬೇರುಬಿಳಲು: ಇದೆ. ಪೇವರ್ ಅಂದರೆ ಅಗೆತ. ಮರದ ಬೇರು ಬಹುಪಾಲು ಮೇಲಿನ ಎರಡಡಿ ಮಣ್ಣಿನಲ್ಲೇ ಇರುತ್ತದೆ. ಎದೆಮಟ್ಟದಲ್ಲಿ ಕಾಂಡದ ಅಡ್ಡಳತೆ ಎಷ್ಟೋ ಅದರ 12 ಪಟ್ಟು ದೂರದವರೆಗೆ ಅಗೆಯಬಾರದು ಅನ್ನೋದು ರೂಢಿಯ ಲೆಕ್ಕ. 60 ಸೆಂಟಿಮೀಟರ್ ಕಾಂಡಕ್ಕೆ ಸುತ್ತ 7 ಮೀಟರಿಗೂ ಹೆಚ್ಚು! ಬೇರು ಕಡಿದ ಮರ ಅವತ್ತೇ ಬೀಳಲ್ಲ. ನಾಲ್ಕಾರು ವರ್ಷ ಬಿಟ್ಟು ಗಾಳಿಗೆ ಬೀಳುತ್ತದೆ, ಬೀಳುವಾಗ ನಾಲ್ಕು ಗೋರಿ ಒಡೆಯುತ್ತದೆ.

ಸ್ಟಾಕ್‌ಹೋಮ್‌ನ ಸ್ಕೂಗ್ಸ್‌ಶಿರ್ಕೊಗೋರ್ಡನ್ ಸ್ಮಶಾನ ನೋಡಿ. ಅದನ್ನು ರೂಪಿಸಿದ ವಾಸ್ತುಶಿಲ್ಪಿಗಳಾದ ಆಸ್ಪ್ಲುಂಡ್, ಲೆವೆರೆಂಟ್ಸ್ ಇಬ್ಬರೂ ಪೈನ್ ಮರಗಳನ್ನು ಉಳಿಸಿಕೊಂಡು ಅವುಗಳ ನಡುವೆಯೇ ಸಮಾಧಿಗಳಿಗೆ ಜಾಗ ಮಾಡಿದರು. 1994ರಲ್ಲಿ ಅದು ಯುನೆಸ್ಕೋ ಪಟ್ಟಿಗೆ ಸೇರಿತು. ಅಲ್ಲಿ ನೋಡಬೇಕಾದ್ದೇ ಆ ಮರಗಳು.

ಗಾಲಿಕುರ್ಚಿ: ಮರ, ಕಲ್ಲು ಎಲ್ಲ ಸರಿ ಸ್ವಾಮಿ. ನಮ್ಮ ಅಮ್ಮ ಎರಡು ವರ್ಷದಿಂದ ಅಪ್ಪನ ಸಮಾಧಿ ಹತ್ತಿರ ಹೋಗಿಲ್ಲ. ದಾರಿಗೆ ಸಡಿಲ ಜಲ್ಲಿ ಸುರಿದಿದ್ದಾರೆ, ಚಕ್ರ ಹೂತುಹೋಗುತ್ತದೆ. ಗೇಟಿನಲ್ಲೇ ನಿಂತು ನೋಡಿ ವಾಪಸ್ ಬರುತ್ತಾರೆ. ನಾನು ಕೇಳೋದು ಅಲಂಕಾರ ಅಲ್ಲ. ಒಂದೂವರೆ ಮೀಟರ್ ಅಗಲದ ಗಟ್ಟಿ ದಾರಿ, ಏರು ಇದ್ದಲ್ಲಿ 12 ಅಡಿಗೆ ಒಂದಡಿಗಿಂತ ಹೆಚ್ಚು ಏರದ ಇಳಿಜಾರು.

ಬೇರುಬಿಳಲು: ಅಕ್ಕಾ, ದಾರಿ ಬೇಡ ಅಂದಿಲ್ಲ, ಅಗೆತ ಬೇಡ ಅಂದೆ. ಜೇನುಗೂಡಿನಂಥ ಪ್ಲಾಸ್ಟಿಕ್ ಜಾಲವನ್ನು ನೆಲದ ಮೇಲೇ ಹಾಸಿ, ಗೂಡುಗಳಲ್ಲಿ ಜಲ್ಲಿ ತುಂಬಿ, ಮೇಲೆ ನೀರು ಇಳಿಯುವಂಥ ಗಟ್ಟಿ ಪದರ ಕೊಡಬಹುದು. ಚಕ್ರವೂ ಹೋಗುತ್ತದೆ, ಬೇರಿಗೆ ಗಾಳಿಯೂ ಸಿಗುತ್ತದೆ. ದಾರಿ ಸ್ವಲ್ಪ ಎತ್ತರ ಆಗುತ್ತದೆ, ಅಷ್ಟೇ.

ಹರಿವುನೀರು: ದಾರಿ ಹಾಳಾಗಿದ್ದು ಯಾಕೆ ಅಂತ ಇಲ್ಲಿಯವರೆಗೆ ಒಬ್ಬರೂ ಕೇಳಲಿಲ್ಲ! ನೀರು. ನೆಲದೊಳಗಿನ ಪೆಟ್ಟಿಗೆ ಕಾಲಕ್ರಮದಲ್ಲಿ ಕುಸಿಯುತ್ತದೆ, ಮೇಲೆ ಗುಂಡಿ ಬೀಳುತ್ತದೆ, ಅಲ್ಲಿ ನೀರು ನಿಂತು ಮಣ್ಣು ಮೆತ್ತಗಾಗಿ ಕಲ್ಲು ವಾಲುತ್ತದೆ. ಇದನ್ನು ಬಿಟ್ಟು ಮೇಲೆ ಏನು ಹಾಸಿದರೂ ಮತ್ತೆ ಅದೇ ಗತಿ.

ಹಾಗಂತ ಪೈಪ್ ಹೂಳೋಕೆ ಗುದ್ದಲಿ ಹಿಡಿಯಬೇಡಿ. ಹಳೇ ಸ್ಮಶಾನಗಳಲ್ಲಿ ಗುರುತಿಲ್ಲದ ಗೋರಿ ಇದ್ದೇ ಇರುತ್ತವೆ, ಎಷ್ಟೋ ಸಲ ದಾರಿಯ ಕೆಳಗೇ. ಮೊದಲು ದಾಖಲೆ ಪುಸ್ತಕ, ಹಳೇ ನಕ್ಷೆ, ಆಮೇಲೆ ನೆಲದೊಳಗೆ ನೋಡುವ ರೇಡಾರ್. ಅದೂ ಒದ್ದೆ ಜೇಡಿಮಣ್ಣಿನಲ್ಲಿ ಅಷ್ಟಾಗಿ ಕೆಲಸ ಮಾಡಲ್ಲ, ಒಣಗಿದಾಗ ಮಾಡಿಸಿ. ನೀರಿಗೆ ಹುಲ್ಲು ಬೆಳೆಸಿದ ಆಳವಿಲ್ಲದ ಕಾಲುವೆ ಸಾಕು. ಅದಕ್ಕೂ ಮೊದಲು ಒಂದು ಜೋರು ಮಳೆಯಲ್ಲಿ ಕೊಡೆ ಹಿಡಿದು ನಿಂತು, ನೀರು ಎಲ್ಲಿಂದ ಎಲ್ಲಿಗೆ ಹೋಗುತ್ತೆ ನೋಡಿ.

ಪೆನ್ಸಿಲ್‌ಪುಟ್ಟ: ದುಡ್ಡೆಲ್ಲ ಕಾಲುವೆ, ರೇಡಾರ್‌ಗೇ ಹೋದರೆ ಉದ್ಘಾಟನೆ ದಿನ ಏನು ತೋರಿಸೋದು? ತಮಾಷೆ ಅಲ್ಲ. ಕಣ್ಣಿಗೆ ಕಾಣದ ಕೆಲಸಕ್ಕೆ ಎರಡನೇ ಸಲ ಯಾರೂ ಹಣ ಕೊಡಲ್ಲ. ಅಮೆರಿಕದ ಮೌಂಟ್ ಆಬರ್ನ್ ಸ್ಮಶಾನ 1831ರಲ್ಲಿ ಶುರುವಾದಾಗ ಆ ದೇಶದಲ್ಲಿ ದೊಡ್ಡ ಸಾರ್ವಜನಿಕ ಪಾರ್ಕುಗಳೇ ಇರಲಿಲ್ಲ. ಜನ ವಾಯುವಿಹಾರಕ್ಕೆ ಆ ಸ್ಮಶಾನಕ್ಕೇ ಹೋಗುತ್ತಿದ್ದರು.

ಗಾಲಿಕುರ್ಚಿ: ವಿಹಾರಕ್ಕೆ ಬರಲಿ, ಬೇಡ ಅನ್ನಲ್ಲ. ಆದರೆ ಬೆಂಚನ್ನು ಸಮಾಧಿಗೆ ಬೆನ್ನು ಮಾಡಿ ಹಾಕಬೇಡಿ. ಅತ್ತುಕೊಂಡು ಕೂತವರ ಪಕ್ಕ ಸೆಲ್ಫಿ ತೆಗೆಯೋರನ್ನು ನೋಡಿದ್ದೀನಿ.

ಗಾರೆಕೆಲಸ: ಹುಲ್ಲುಹಾಸು ಅಂದಿರಲ್ಲ, ಕತ್ತರಿಸೋದು ಹೇಗೆ? ನೈಲಾನ್ ದಾರ ತಿರುಗುವ ಯಂತ್ರ ಕಲ್ಲಿನ ಬುಡವನ್ನೇ ಕೆತ್ತಿಹಾಕುತ್ತದೆ. ಕಲ್ಲಿನ ಸುತ್ತ ಒಂದು ಗೇಣು ಕೈಯಲ್ಲೇ ಕತ್ತರಿಸಬೇಕು. ಆ ಕೂಲಿ ಪ್ರತಿವರ್ಷದ್ದು. ಒಂದೇ ಸಲ ಬರುವ ದುಡ್ಡಿನಲ್ಲಿ ಅದು ಎಲ್ಲಿದೆ?

ಪೆನ್ಸಿಲ್‌ಪುಟ್ಟ: ಅದನ್ನು ಯೋಚಿಸಿರಲಿಲ್ಲ, ನಿಜ. ಹೊಸ ಪಟ್ಟಿ: ಗೋರಿಗಳ ನಕ್ಷೆ, ನೀರು, ಅಗೆಯದ ದಾರಿ, ವರ್ಷ ವರ್ಷದ ಕೂಲಿಗೆ ಒಂದಿಷ್ಟು ಠೇವಣಿ. ದೀಪ ಗೇಟಿನ ಹತ್ತಿರ ಮಾತ್ರ.

ಬೇರುಬಿಳಲು: ಬೆಳಕು ಕೆಳಕ್ಕೆ ಬೀಳಲಿ. ಮರದಲ್ಲಿ ಬಾವಲಿಗಳಿರುತ್ತವೆ.

ಗಾಲಿಕುರ್ಚಿ: ದಾರಿ ಮೂರನೇದಾ?

ಹರಿವುನೀರು: ನೀರು ಸರಿಹೋಗದೆ ದಾರಿ ನಿಲ್ಲಲ್ಲ ಅಕ್ಕಾ.

ಗಾಲಿಕುರ್ಚಿ: ಅಮ್ಮನಿಗೆ ಎಂಬತ್ತೊಂದು. ಗೇಟಿನಿಂದ ನಮ್ಮ ಸಾಲಿನವರೆಗೆ ನಲವತ್ತು ಮೀಟರ್, ಅಲ್ಲಿ ನೀರು ನಿಲ್ಲೋದಿಲ್ಲ. ಅಷ್ಟನ್ನಾದರೂ ಮೊದಲು ಮಾಡಿ.