ಕೈ ನಡುಗುವುದಿಲ್ಲ, ಆದರೂ ಪಾರ್ಕಿನ್ಸನ್ಸ್ ಇರಬಹುದಾ?

ಪ್ರಶ್ನೆ | ಕೊಬ್ಬರಿಮಗ, ತಿಪಟೂರು
ಅಪ್ಪನಿಗೆ 67. ಕೊಬ್ಬರಿ ವ್ಯಾಪಾರ. ಲೆಕ್ಕ ಈಗಲೂ ಕೈಯಲ್ಲೇ ಬರೆಯುತ್ತಾರೆ. ಇತ್ತೀಚೆಗೆ ಸಾಲಿನ ಶುರುವಿನಲ್ಲಿ ಅಕ್ಷರ ಸರಿಯಾಗಿರುತ್ತದೆ, ಕೊನೆಗೆ ಬರುವಷ್ಟರಲ್ಲಿ ಓದಲಾಗದಷ್ಟು ಚಿಕ್ಕದಾಗುತ್ತದೆ. ನಡೆಯುವಾಗ ಬಲಗೈ ಬೀಸುವುದಿಲ್ಲ. ಮುಗ್ಗಲು ಹಿಡಿದ ಕೊಬ್ಬರಿಯನ್ನು ದೂರದಿಂದಲೇ ವಾಸನೆಯಲ್ಲಿ ಪತ್ತೆ ಹಚ್ಚುತ್ತಿದ್ದವರು. ಈಗ ಮೂಗಿಗೆ ಹಿಡಿದರೂ ಗೊತ್ತಾಗುವುದಿಲ್ಲ. ಡಾಕ್ಟರು ‘ವಯಸ್ಸಾಯ್ತಲ್ಲ’ ಅಂದರು. ಕೈ ನಡುಕ ಇಲ್ಲದಿದ್ದರೆ ಪಾರ್ಕಿನ್ಸನ್ಸ್ ಅಲ್ಲ ಅಲ್ವಾ?

ಉತ್ತರ | ಮೈಸೂರಿನ ಮಗಳು
ನಡುಕ ಇಲ್ಲದೆಯೂ ಬರುತ್ತದೆ. ನಮ್ಮಮ್ಮನಿಗೆ ಮೊದಲು ಬಂದಿದ್ದು ಭುಜದ ನೋವು. ನಡುಕ ಆಮೇಲೆ. ಸುಮ್ನೆ ಕಾಯಬೇಡಿ, ನ್ಯೂರಾಲಜಿಸ್ಟ್‌ಗೆ ತೋರಿಸಿ.

ಉತ್ತರ | ನಿವೃತ್ತ ನರ್ಸ್
ನ್ಯೂರಾಲಜಿ ವಾರ್ಡಿನಲ್ಲಿ ಕೆಲಸ ಮಾಡಿದವಳು ನಾನು. ‘ವಯಸ್ಸಾಯ್ತು’ ಅನ್ನುವ ಮಾತು ಕೇಳಿದರೆ ನನಗೆ ಸಂಕಟವಾಗುತ್ತದೆ. ಎಷ್ಟೋ ಜನ ಆ ಒಂದು ಮಾತಿಗೇ ತಡವಾಗಿ ಬರುತ್ತಿದ್ದರು.

ಮಿದುಳಿನ ಬುಡದ ಹತ್ತಿರ ಸಬ್‌ಸ್ಟಾನ್ಷಿಯಾ ನೈಗ್ರಾ ಅಂತ ಕಪ್ಪು ಭಾಗವಿದೆ. ಚಲನೆಗೆ ಬೇಕಾದ ಡೋಪಮಿನ್ ಅನ್ನುವ ರಾಸಾಯನಿಕ ತಯಾರಿಸುವ ಜೀವಕೋಶಗಳು ಅಲ್ಲಿವೆ. ವಯಸ್ಸಾದಂತೆ ಎಲ್ಲರಲ್ಲೂ ಅವು ಕಡಿಮೆಯಾಗುತ್ತವೆ. 1991ರಲ್ಲಿ ಫರ್ನ್‌ಲಿ ಮತ್ತು ಲೀಸ್ ಅನ್ನುವ ಸಂಶೋಧಕರು ಎಣಿಸಿ ನೋಡಿದಾಗ, ಆರೋಗ್ಯವಂತರಲ್ಲಿ 10 ವರ್ಷಕ್ಕೆ ಶೇ. 5ರಷ್ಟು ಹೋಗುವುದು ಕಂಡಿತು. ಪಾರ್ಕಿನ್ಸನ್ಸ್‌ನಲ್ಲಿ ಅದಕ್ಕಿಂತ ತುಂಬಾ ಜಾಸ್ತಿ. ಜಾಗವೂ ಬೇರೆ: ವಯಸ್ಸಿನಿಂದ ಸವೆಯುವುದು ಹೆಚ್ಚಾಗಿ ಮೇಲಿನ ಪದರ, ಈ ಕಾಯಿಲೆ ಮೊದಲು ಹಿಡಿಯುವುದು ಕೆಳಗಿನ ಹೊರ ಅಂಚನ್ನು. ಅಂದರೆ ಇದು ಬೇಗ ಬಂದ ಮುಪ್ಪಲ್ಲ, ಬೇರೆಯೇ ಕಾಯಿಲೆ.

ಅದಕ್ಕೂ ಮುಂಚೆ ವಾಸನೆಯ ನರದ ಭಾಗದಲ್ಲಿ ಬದಲಾವಣೆ ಶುರುವಾಗಿರಬಹುದು. ವಾಸನೆ ಹೋಗಲು ಬೇರೆ ಕಾರಣಗಳೂ ಇವೆ, ಅದೊಂದನ್ನೇ ಹಿಡಿದು ಹೇಳಲಾಗದು. ಆದರೆ ಒಂದೇ ಕೈ ಬೀಸದಿರುವುದು, ಬರೆಯುತ್ತಾ ಅಕ್ಷರ ಕುಗ್ಗುವುದು, ಇವು ಜೊತೆಗಿದ್ದರೆ ತೋರಿಸಲೇಬೇಕು.

ಮಲಬದ್ಧತೆ ಇದೆಯಾ? ನಿದ್ದೆಯಲ್ಲಿ ಕನಸಿಗೆ ತಕ್ಕಂತೆ ಕೂಗಿ ಒದೆಯುತ್ತಾರಾ? ಇವೂ ಈ ಕಾಯಿಲೆಯ ಮುನ್ಸೂಚನೆ ಇರಬಹುದು. ನಿದ್ದೆಯ ವಿಷಯ ಅಮ್ಮನನ್ನೇ ಕೇಳಿ. ಗ್ಯಾಸ್ಟ್ರಿಕ್‌ಗೆ, ತಲೆಸುತ್ತಿಗೆ ಏನಾದರೂ ಮಾತ್ರೆ ತಗೊಳ್ತಾರಾ?

ಪ್ರಶ್ನೆ ಕೇಳಿದವರು
ಅಮ್ಮ ಒದೆತ ತಾಳಲಾರದೆ ಬೇರೆ ಮಂಚದಲ್ಲಿ ಮಲಗುತ್ತಾರಂತೆ! ನಮಗೆ ಹೇಳಿರಲೇ ಇಲ್ಲ. ಗ್ಯಾಸ್ಟ್ರಿಕ್ ಮಾತ್ರೆ ತುಂಬಾ ದಿನದಿಂದ ಇದೆ. ಪಟ್ಟಿಯ ಮೇಲೆ ಲೆವೋಸಲ್ಪಿರೈಡ್ ಅಂತಿದೆ. ಇವತ್ತೇ ನಿಲ್ಲಿಸಲಾ?

ಉತ್ತರ | ನಿವೃತ್ತ ನರ್ಸ್
ಪಟ್ಟಿ ಓದಿದ್ದು ಒಳ್ಳೆಯದಾಯಿತು. ಆ ಔಷಧಿ ಡೋಪಮಿನ್ ಕೆಲಸವನ್ನು ತಡೆಯುತ್ತದೆ, ಪಾರ್ಕಿನ್ಸನ್ಸ್ ಥರದ್ದೇ ಲಕ್ಷಣ ತರಬಲ್ಲದು. ತಲೆಸುತ್ತಿನ ಸಿನ್ನಾರಿಜಿನ್ ಕೂಡ ಹಾಗೆಯೇ. ನಾಳೆಯೇ ಬರೆದುಕೊಟ್ಟ ಡಾಕ್ಟರಿಗೆ ಫೋನ್ ಮಾಡಿ, ನಿಲ್ಲಿಸಬಹುದಾ, ಬದಲಿ ಏನು ಅಂತ ಕೇಳಿ. ಮಾತ್ರೆಯೊಂದೇ ಕಾರಣವಾಗಿದ್ದರೆ, ನಿಲ್ಲಿಸಿದ ಮೇಲೆ ಕೆಲವು ವಾರ ಅಥವಾ ತಿಂಗಳುಗಳಲ್ಲಿ ಸಾಮಾನ್ಯವಾಗಿ ಸುಧಾರಿಸುತ್ತದೆ. ಆದರೆ ಮಾತ್ರೆಯಿಂದ ಬಂದಿದ್ದರಲ್ಲಿ ವಾಸನೆ ಸಾಮಾನ್ಯವಾಗಿ ಹೋಗುವುದಿಲ್ಲ. ಹಾಗಾಗಿ ಮಾತ್ರೆ ನಿಲ್ಲಿಸಿದರೂ ನ್ಯೂರಾಲಜಿಸ್ಟ್ ಭೇಟಿ ಮುಂದೂಡಬೇಡಿ. ಮೂಗಿನ ವಿಷಯ, ನಿದ್ದೆಯ ವಿಷಯ ಅವರು ಕೇಳದಿದ್ದರೂ ನೀವೇ ಹೇಳಿ.